‘ನೆ’ ಹೋಗಿ ‘ರೆ’ ಬಂದದ್ದು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೇ ಸಿಟ್ಟು ಬರುತ್ತಿತ್ತು. ಇಪ್ಪತ್ತು ವರ್ಷ ಸಾಕ್ಷ್ಯಚಿತ್ರ ಮಾಡಿದರೂ ಒಂದರಲ್ಲೂ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ ಆ ಮನುಷ್ಯ. ‘ಪಿಚ್ಚರ್ ಯಾರದ ಐತೋ ಅವರ ಹೆಸರ ಇದ್ರ ಸಾಕ್ರಿ ಸರ. ನಾ ಏನ ಮಾಡೇನಿ? ಕ್ಯಾಮರಾ ಹಿಡಕೊಂಡ ನಿಂತೇನಿ, ಅಷ್ಟ’ ಎನ್ನುತ್ತಿದ್ದರು. ಸರ ಅಂದರೆ ನಾನು. ಬೈಲಹೊಂಗಲದ ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಅದರಲ್ಲೂ ವ್ಯಾಕರಣದ ಮಾಸ್ತರ ಎಂದು ಹುಡುಗರು ಹೆದರುವವನು. ವ್ಯಾಕರಣದ ಮಾಸ್ತರ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ಮಾನ ಹೋದದ್ದು ಅಲ್ಲಿಯೇ.

ಬಸ್ ಸ್ಟ್ಯಾಂಡಿನಿಂದ ಬಜಾರಕ್ಕೆ ಹೋಗುವ ದಾರಿಯಲ್ಲಿ, ಬೀಜ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಅವರ ಸ್ಟುಡಿಯೋ ಇತ್ತು. ಲಗ್ನದ ಫೋಟೊ, ಲಗ್ನದ ವಿಡಿಯೊ. ಮೆಟ್ಟಿಲು ಹತ್ತುವಾಗಲೇ ಕೆಳಗಿನ ಗೊಬ್ಬರದ ವಾಸನೆಯೂ ಮೇಲಿನ ಊದುಬತ್ತಿಯ ವಾಸನೆಯೂ ಕೂಡಿ ಮೂಗಿಗೆ ಬಡಿಯುತ್ತಿದ್ದವು. ಗೋಡೆಗೆ ಒಂದು ಬುದ್ಧನ ಪಟ, ಅದರ ಕೆಳಗೆ ವೈರುಗಳ ಗುಡ್ಡೆ. ಅವರದು ಎತ್ತರದ ಮೈಕಟ್ಟು, ಬೆನ್ನು ಸ್ವಲ್ಪ ಬಾಗಿತ್ತು, ಎಡಗೈ ಮಣಿಕಟ್ಟಿಗೆ ಲೆನ್ಸ್ ಒರೆಸುವ ಬಿಳಿ ವಸ್ತ್ರ ಸದಾ ಕಟ್ಟಿರುತ್ತಿತ್ತು. ಕ್ಯಾಮರಾದಲ್ಲಿ ನೋಡಿ ನೋಡಿ ಎಡಗಣ್ಣು ಕಿರಿದು ಮಾಡುವ ಚಟ ಅಂಟಿಬಿಟ್ಟಿತ್ತು. ಕೈಯಲ್ಲಿ ಕ್ಯಾಮರಾ ಇಲ್ಲದಾಗಲೂ ಹಾಗೆಯೇ ಮಾತಾಡುತ್ತಿದ್ದರು. ಒಮ್ಮೆ ಬಜಾರದಲ್ಲಿ ಬದನೆಕಾಯಿ ಮಾರುವ ಹೆಂಗಸೊಬ್ಬಳು ‘ಏ ಭಾಡ್ಯಾ, ಯಾರಿಗೆ ಕಣ್ಣ ಹೊಡಿತಿ?’ ಎಂದು ತಕ್ಕಡಿ ಎತ್ತಿಕೊಂಡೇ ಬಂದಿದ್ದಳು. ಎರಡು ವರ್ಷದ ಮೇಲೆ ಅದೇ ಹೆಂಗಸಿನ ಮೇಲೆ ಹನ್ನೆರಡು ನಿಮಿಷದ ಚಿತ್ರ ಮಾಡಿದರು. ಅದರಲ್ಲಿ ಆಕೆ ಆ ಬೈಗುಳವನ್ನು ತಾನಾಗಿಯೇ ಮತ್ತೊಮ್ಮೆ ಬೈದು ತೋರಿಸಿದ್ದಾಳೆ.

ಲಗ್ನದ ಕೆಲಸದಲ್ಲೂ ಅವರ ಹಣೆಬರಹ ಇದೇ. ಯಾರದೋ ಲಗ್ನದ ವಿಡಿಯೊದಲ್ಲಿ ಊಟ ಮುಗಿದ ಮೇಲೆ ಅಡುಗೆಯವರು ಒಲೆಯ ಹಿಂದೆ ಕಾಲು ಚಾಚಿಕೊಂಡು ಕುಳಿತದ್ದನ್ನು ನಾಲ್ಕು ನಿಮಿಷ ಹಿಡಿದಿದ್ದರು. ವರನ ಕಡೆಯವರು ಸ್ಟುಡಿಯೋಕ್ಕೆ ಬಂದು ಕೂಗಾಡಿದರು. ‘ನಮ್ಮ ಬೀಗರು ಅರ್ಧಾಮರ್ಧಾ ಕಾಣತಾರ, ಅಡಗಿಯವ ಮಾತ್ರ ಪೂರ್ತಿ ಕಾಣತಾನ, ಏನಿದು?’ ಇವರು ಶಾಂತವಾಗಿ, ‘ಬೀಗರು ಉಂಡ ಹ್ವಾದ್ರಿ. ಅಡಗಿಯವರು ಇನ್ನೂ ಉಂಡಿರಲಿಲ್ರಿ’ ಎಂದರು. ಕಡೆಗೆ ಆ ನಾಲ್ಕು ನಿಮಿಷ ತೆಗೆದೇ ಕೊಟ್ಟರೆನ್ನಿ. ತೆಗೆದದ್ದನ್ನು ಎಸೆಯಲಿಲ್ಲ.

ಅವರು ಏನನ್ನೂ ಎಸೆಯುತ್ತಿರಲಿಲ್ಲ. ಅದರಲ್ಲೂ ‘ಬಾಲ’ಗಳನ್ನು. ಬಾಲ ಅವರದೇ ಮಾತು. ಯಾರನ್ನಾದರೂ ಮಾತಾಡಿಸಿ ಚಿತ್ರ ಹಿಡಿಯುವಾಗ, ಮಾತು ಮುಗಿಯಿತು ಎಂದ ಕೂಡಲೇ ಬೇರೆಯವರು ಕ್ಯಾಮರಾ ಬಂದ್ ಮಾಡುತ್ತಾರೆ. ಇವರು ‘ಮುಗೀತ್ರಿ, ಆರಾಮ ಕುಂಡ್ರಿ’ ಎಂದು ಹೇಳಿ, ಸುಮ್ಮನೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಕ್ಯಾಮರಾ ಓಡುತ್ತಲೇ ಇರುತ್ತಿತ್ತು. ಆಗ ಆ ಮನುಷ್ಯ ಉಸಿರು ಬಿಡುತ್ತಾನೆ, ಹೆಂಡತಿಯ ಕಡೆ ನೋಡಿ ನಗುತ್ತಾನೆ, ‘ಹೆಂಗಾತು, ಸುಳ್ಳ ಹೇಳಿದ್ನೇನ?’ ಎಂದು ಕೇಳುತ್ತಾನೆ. ಆ ಭಾಗವೇ ಬಾಲ. ‘ಮಾತಿನ್ಯಾಗ ಮಂದಿ ಅಂಗಿ ಹಾಕ್ಕೊಂಡಿರತಾರ್ರಿ ಸರ. ಬಾಲದಾಗ ಅಂಗಿ ಬಿಚ್ಚತಾರ’ ಎನ್ನುತ್ತಿದ್ದರು. ಇದು ಕದ್ದು ಹಿಡಿದಂತಲ್ಲವೇ ಎಂದು ನಾನು ವಾದ ಹೂಡಿದ್ದೆ. ಅದಕ್ಕೆ ಅವರ ಬಳಿ ಒಂದು ಕಟ್ಟುನಿಟ್ಟು ಇತ್ತು: ಚಿತ್ರ ಯಾರದೋ ಅವರೇ ಮೊದಲು ನೋಡಬೇಕು, ಅವರ ಮನೆಯಲ್ಲೇ ಇಲ್ಲವೇ ಅವರ ಓಣಿಯಲ್ಲೇ ನೋಡಬೇಕು, ಬೇಡ ಅಂದದ್ದನ್ನು ತೆಗೆಯಬೇಕು. ಅದಾಗುವತನಕ ಹೊರಗಿನ ಒಂದು ನರಪಿಳ್ಳೆಯೂ ನೋಡಕೂಡದು.

ಅಂಗಿಯ ಮಾತು ಬಂತು ನೋಡಿ. ರಾಮದುರ್ಗದ ನೇಕಾರರೊಬ್ಬರ ಮನೆಗೆ ಅವರ ಜೊತೆ ಹೋಗಿದ್ದೆ. ಕ್ಯಾಮರಾ ಕಂಡದ್ದೇ ತಡ, ಆ ಹಿರಿಯರು ಮಗ್ಗ ನಿಲ್ಲಿಸಿ, ಮುಖ ತೊಳೆದು, ಹೊಸ ಅಂಗಿ ತೊಟ್ಟು, ಖುರ್ಚಿಯ ಮೇಲೆ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕುಳಿತುಬಿಟ್ಟರು. ‘ಹೂಂ, ತಗೀರಿ.’ ಇವರು ಹಲ್ಲು ಗಿಂಜಿ, ‘ಕ್ಯಾಮರಾ ಚಾರ್ಜ್ ಆಗಾಕತ್ತೈತ್ರಿ ಅಣ್ಣಾರ, ಅಲ್ಲೀತನಾ ನಿಮ್ಮ ಕೆಲಸ ನಡೀಲಿ’ ಎಂದರು. ಎರಡು ದಿನ ಆ ಕ್ಯಾಮರಾ ಚಾರ್ಜ್ ಆಯಿತು. ಎರಡು ದಿನ ನಾವು ಚಹಾ ಕುಡಿದೆವು, ಚುರುಮುರಿ ಸೂಸಲಾ ತಿಂದೆವು. ಮೂರನೆಯ ದಿನ ಆ ಹಿರಿಯರು ನಮ್ಮನ್ನು ಮರೆತು, ಮಾಸಿದ ಬನಿಯನ್ನಿನಲ್ಲಿ ಲಾಳಿ ಓಡಿಸುತ್ತಿದ್ದಾಗ ಇವರು ಕ್ಯಾಮರಾ ತೆಗೆದರು. ಕಿತ್ತೂರಲ್ಲೂ ಹಾಗೆಯೇ. ಊರಿನವರೆಲ್ಲ ಕೋಟೆಯ ಗೋಡೆಯ ಚಿತ್ರ ಹಿಡಿದರೆ, ಇವರು ಗೋಡೆಯ ಸಂದಿಯ ಹುಲ್ಲು ಕೀಳುವ ಕೂಲಿ ಹೆಂಗಸರ ಬೆರಳುಗಳನ್ನು ಒಂದು ವಾರ ಹಿಡಿದರು.

ಈ ಚಿತ್ರಗಳಿಗೆ ಹಿನ್ನೆಲೆ ಮಾತು ಬರೆಯುವುದು, ಅದನ್ನು ಓದುವುದು ನನ್ನ ಕೆಲಸ. ನನ್ನ ದನಿ ಚೆನ್ನಾಗಿದೆ ಎಂದು ನನಗೂ ಗೊತ್ತು. ಮೊದಲು ಬರೆದದ್ದು ನನ್ನ ಸೋದರಮಾವನ ಚಿತ್ರಕ್ಕೆ. ಮಾವ ಸಿರಸಂಗಿಯಲ್ಲಿ ಪುರಾಣ ಹೇಳುವವರು, ಎಂಬತ್ತರ ಹತ್ತಿರದವರು. ಆ ಚಿತ್ರ ನೋಡಿ ಊರೆಲ್ಲ ಮೆಚ್ಚಿತು. ಮರುವರ್ಷ ಇವರು ಹಿಡಿದದ್ದು ದುರಗಪ್ಪ ಎಂಬ ಹಲಗಿ ಬಾರಿಸುವ ಮುದುಕರ ಚಿತ್ರ. ತೊರಗಲ್ ಕೋಟೆಯ ಗುಡ್ಡ ಕಾಣುವ ಒಂದು ಹಳ್ಳಿ ಅವರದು. ಅವರಿಗೂ ಎಂಬತ್ತರ ಹತ್ತಿರ.

ಈ ಚಿತ್ರ ಕ್ಯಾಮರಾ ಹಿಡಿದ ಇವರಿಗೆ ಬರೀ ಚಿತ್ರವಾಗಿರಲಿಲ್ಲ. ಇವರ ತಂದೆಯೂ ಹಲಗಿ ಬಾರಿಸುತ್ತಿದ್ದವರೇ. ಬುದ್ಧನ ದಾರಿ ಹಿಡಿದಾಗ ಹಲಗಿ ಕೆಳಗಿಟ್ಟರು, ಗೌಂಡಿ ಕೆಲಸ ಕಲಿತರು. ‘ಅಪ್ಪ ಬಿಟ್ಟದ್ದ ಛಲೋ ಮಾಡಿದ್ರಿ. ಹೆಣದ ಮುಂದ, ದನದ ಹಿಂದ ಬಾರಿಸಿ ಎಂಜಲಾ ತಿನ್ನೂದು ಯಾರಿಗೆ ಬೇಕಾಗೈತಿ? ಆದ್ರ ಕೈ ಕೇಳಬೇಕಲ್ರಿ. ಸಾಯೂಮುಂದ ಹಾಸಿಗಿ ಪಟ್ಟಿ ಮ್ಯಾಲ ಬೆರಳ ಆಡಸ್ತಿದ್ದ’ ಎಂದು ಒಮ್ಮೆ ಹೇಳಿದ್ದರು. ಹೇಳಿ ಮಣಿಕಟ್ಟಿನ ವಸ್ತ್ರದಿಂದ ಲೆನ್ಸ್ ಒರೆಸಿದರು, ಲೆನ್ಸಿಗೆ ಏನೂ ಆಗಿರಲಿಲ್ಲ.

ದುರಗಪ್ಪನವರ ಓಣಿಯ ಸಮಾಜ ಮಂದಿರದಲ್ಲಿ ಮೊದಲ ಪ್ರದರ್ಶನ. ಮಧ್ಯಾಹ್ನ. ಬೆಳಕು ಬಾರದಂತೆ ಕಿಟಕಿಗಳಿಗೆ ಮನೆಮನೆಯಿಂದ ಹಳೆ ಸೀರೆಯ ದಪ್ಪ ಕೌದಿ ತಂದು ಹೊದಿಸಿದ್ದರು. ಗೋಡೆಗೆ ಬಿಳಿ ಧೋತರ. ಎಲ್ಲರೂ ನೆಲದ ಮೇಲೆ. ಇದ್ದ ಒಂದೇ ಖುರ್ಚಿಯನ್ನು ನನಗೆ ಕೊಟ್ಟಿದ್ದರು. ನಾನೂ ಬೇಡ ಬೇಡ ಎನ್ನುತ್ತಲೇ ಕುಳಿತಿದ್ದೆ.

ಚಿತ್ರ ಶುರುವಾಯಿತು. ನನ್ನ ದನಿ ಗಂಭೀರವಾಗಿ ಬಂತು: ‘ದುರಗಪ್ಪ ನಸುಕಿನಲ್ಲೇ ಏಳುತ್ತಾನೆ. ಹಲಗಿಯನ್ನು ಬೆಂಕಿಗೆ ಹಿಡಿದು ಕಾಸುತ್ತಾನೆ. ಚರ್ಮ ಬಿಗಿಯಾಗುವತನಕ ಅವನು ಯಾರೊಡನೆಯೂ ಮಾತಾಡುವುದಿಲ್ಲ...’ ಇಪ್ಪತ್ತೆರಡು ನಿಮಿಷ ಹೀಗೆಯೇ. ಮುಗಿದ ಮೇಲೆ ಕೌದಿ ಸರಿಸಿದರು. ದುರಗಪ್ಪ ಕಣ್ಣೊರೆಸಿಕೊಂಡು ‘ಛಲೋ ಆಗೈತ್ರಿ’ ಎಂದರು. ಅವರ ಹೆಂಡತಿ ಯಲ್ಲವ್ವ ಸೆರಗು ಸರಿಮಾಡಿಕೊಂಡು ಇವರನ್ನು ಕೇಳಿದಳು. ನೋಡಿ, ‘ಕೇಳಿದಳು’ ಎಂದೇ ಬಂತು ಈಗಲೂ. ಕೇಳಿದರು.

‘ಅಲ್ಲಪಾ, ಅದರಾಗ ಮಾತಾಡಿದವರು ಯಾರು?’

‘ಯಾಕವಾ?’

‘ಭಾಳ ವಯಸ್ಸಾದವರಿರಬೇಕು. ನಮ್ಮ ಯಜಮಾನರನ್ನ ಸಣ್ಣವರಿದ್ದಾಗಿಂದ ಎತ್ತಿ ಆಡಿಸಿದವರ ಇರಬೇಕು. ಏಳತಾನ, ಕಾಸತಾನ, ಅಂವಾ ಹಂಗ, ಅಂವಾ ಹಿಂಗ ಅಂತಾರಲ್ಲ. ನಮ್ಮತ್ತಿ ಸತ್ತ ಮ್ಯಾಲ ಹಂಗ ಅನ್ನವರು ಯಾರೂ ಉಳದಿಲ್ಲ.’

ಆಗ ನನಗೆ ಮೂವತ್ತೈದು ವರ್ಷ. ಖುರ್ಚಿ ನನ್ನ ಕೆಳಗೆ ಕಾದು ಸುಡುತ್ತಿರುವಂತಾಯಿತು. ಮಾವನ ಚಿತ್ರಕ್ಕೆ ನಾನು ಬರೆದದ್ದು ತಾನಾಗಿ ನೆನಪಿಗೆ ಬಂತು: ‘ಪಂಡಿತರು ನಸುಕಿನಲ್ಲೇ ಏಳುತ್ತಾರೆ. ಗ್ರಂಥದ ಗಂಟು ಬಿಚ್ಚುತ್ತಾರೆ.’ ಬಿಚ್ಚುತ್ತಾರೆ! ಇಬ್ಬರಿಗೂ ಅದೇ ವಯಸ್ಸು, ಅದೇ ನಸುಕು. ಒಬ್ಬರು ಏಳುತ್ತಾರೆ, ಇನ್ನೊಬ್ಬ ಏಳುತ್ತಾನೆ. ಬರೆಯುವಾಗ ಪೆನ್ನು ಒಂದು ಕ್ಷಣವೂ ತಡೆದಿರಲಿಲ್ಲ. ನಾನು ಹಾಗೆ ಬರೆಯಬೇಕೆಂದು ಬರೆದದ್ದೂ ಅಲ್ಲ, ಅದೇ ನನ್ನನ್ನು ನಾಚಿಸಿದ್ದು. ಹುಡುಗರಿಗೆ ಗೌರವಸೂಚಕ ಬಹುವಚನ ಕಲಿಸಿ ಸಂಬಳ ಎಣಿಸುವ ಗಂಡಸು ನಾನು.

ತಿರುಗಿ ಬರುವಾಗ ಅವರ ಮೋಟರ್ ಸೈಕಲ್ಲಿನ ಹಿಂದೆ ಕುಳಿತಿದ್ದೆ. ಸವದತ್ತಿ ದಾಟಿದ ಮೇಲೆ ಒಂದು ಚಹಾದಂಗಡಿಯಲ್ಲಿ ನಿಂತೆವು.

‘ನಿನಗ ಮೊದಲ ಗೊತ್ತಾಗಿತ್ತೇನು?’ ಎಂದೆ.

‘ನೀವು ಬರದ ಕೊಟ್ಟ ದಿವಸನ ಗೊತ್ತಾತ್ರಿ.’

‘ಮತ್ತ ಹೇಳಲಿಕ್ಕೇನಾಗಿತ್ತು? ಬಾಯಾಗ ಏನ ಇಟ್ಕೊಂಡಿದ್ದಿ?’

‘ಹೇಳಬೇಕಂತ ಮೂರ ಸರತಿ ನಿಮ್ಮನಿಗೆ ಬಂದ್ನಿರಿ. ಅಕ್ಕಾರು ಚಹಾ ಕೊಟ್ರು. ಕುಡದ ಎದ್ದ ಬಂದೆ.’ ಅವರು ಬಸಿಯಲ್ಲಿ ಚಹಾ ಸುರುವಿಕೊಂಡು ಊದಿದರು. ‘ನಮ್ಮಪ್ಪಗ ಊರಾಗ ಆರ ವರ್ಷದ ಹುಡುಗ್ರು ಸುದ್ದಾ ಏ ಬಾರೋ ಅಂತಿದ್ರು. ಅಂವಗ ಅದ ಕಿವಿಗೆ ಬೀಳ್ತಿರಲಿಲ್ಲ ಬಿಡ್ರಿ, ರೂಢಿ ಆಗಿತ್ತು. ನನಗ ಬೀಳತೈತಿ. ಆದ್ರ ನೀವು ನನಗೂ ನೀ ಅಂತನ ಅಂತೀರಿ. ನಾ ನಿಮಗಿಂತ ನಾಕ ವರ್ಷ ದೊಡ್ಡಾಂವ. ದುರಗಪ್ಪಜ್ಜನ ಮಾತ ಎತ್ತಿದ್ರ ನಂದನ್ನೂ ಎತ್ತಿದಾಂಗ ಆಗತೈತಿ ಅಂತ ಸುಮ್ನಾದೆ.’

ಅವರು ನಮ್ಮ ಮನೆಯಲ್ಲಿ ಅಡುಗೆಮನೆಯತನಕ ಬರುತ್ತಿದ್ದರು. ನಾವು ಕುಡಿಯುವ ಕಪ್ಪಿನಲ್ಲೇ ಅವರಿಗೂ ಚಹಾ. ಅಷ್ಟಕ್ಕೇ ನಾನು ಭಾರಿ ಸುಧಾರಿಸಿದವನೆಂದು ಒಳಗೊಳಗೇ ಬೀಗುತ್ತಿದ್ದೆ. ಹತ್ತು ವರ್ಷ ಅವರು ‘ಸರ, ಬರ್ರಿ’ ಎಂದಿದ್ದರು, ನಾನು ‘ಏನೋ, ಹೆಂಗಿದ್ದಿ’ ಎಂದಿದ್ದೆ. ಅದು ಸಲಿಗೆ ಎಂದುಕೊಂಡಿದ್ದೆ. ಸಲಿಗೆಯಾಗಿದ್ದರೆ ಆ ಕಡೆಯಿಂದಲೂ ಬರಬೇಕಿತ್ತಲ್ಲ.

ಆ ಚಿತ್ರ ಆ ವಾರವೇ ಧಾರವಾಡದ ಒಂದು ಪ್ರದರ್ಶನಕ್ಕೆ ಹೋಗಬೇಕಿತ್ತು. ಪೂರ್ತಿ ಮಾತನ್ನು ಮತ್ತೆ ಓದುತ್ತೇನೆ ಎಂದು ನಾನು ಹಟ ಹಿಡಿದೆ. ‘ತಾರೀಖ ತಪ್ಪತೈತ್ರಿ’ ಎಂದರು. ‘ತಪ್ಪಲಿ’ ಎಂದೆ. ಒಂದು ಗಳಿಗೆ ನನ್ನನ್ನೇ ಕಿರಿಗಣ್ಣಿನಿಂದ ನೋಡಿ, ‘ತಪ್ಪಲಿ ಬಿಡ್ರಿ ಹಂಗಾರ’ ಎಂದರು. ಆ ತಾರೀಖು ತಪ್ಪಿಯೇ ಹೋಯಿತು.

ಸ್ಟುಡಿಯೋದಲ್ಲೂ ದನಿ ಹಿಡಿಯುವಾಗ ಹೊರಗಿನ ಗದ್ದಲ ಬಾರದಂತೆ ಕಿಟಕಿಗೆ ಕೌದಿಯೇ. ಹಾಳೆಯ ಮೇಲೆ ಕೆಂಪು ಪೆನ್ನು ಹಿಡಿದು ಕುಳಿತೆ, ಮಕ್ಕಳ ಪೇಪರು ತಿದ್ದುವ ಹಾಗೆ. ಏಳುತ್ತಾನೆ, ಏಳುತ್ತಾರೆ. ಅವನ ಕೈ, ಅವರ ಕೈ. ಮೂವತ್ತೆಂಟು ಕಡೆ ‘ನ’ ಹೋಗಿ ‘ರ’ ಬಂತು. ಅವರು ಪಕ್ಕದಲ್ಲಿ ನಿಂತು ನಗುತ್ತಿದ್ದರು. ‘ಒಂದ ಅಕ್ಷರ ಸರ! ಪಿಚ್ಚರಿನ ಉದ್ದ ಒಂದ ಸೆಕೆಂಡ್ ಸುದ್ದಾ ಬದಲಾಗಂಗಿಲ್ಲ.’ ಬದಲಾಯಿತು. ‘ದುರಗಪ್ಪ’ ಇದ್ದಲ್ಲಿ ‘ದುರಗಪ್ಪನವರು’ ಎಂದಾಗ ಮಾತು ಉದ್ದವಾಗಿ, ಚಿತ್ರ ಸಾಲದೆ ಬರುತ್ತಿತ್ತು. ಹಾಗಾದಲ್ಲೆಲ್ಲ ಅವರು ಆ ಮುದುಕರ ಮುಖವನ್ನು ಇನ್ನೊಂದಿಷ್ಟು ಹೊತ್ತು ತೆರೆಯ ಮೇಲೆ ನಿಲ್ಲಿಸಿದರು. ಅಂದು ನಾನು ಓದುವುದನ್ನೂ ಮೂಲೆಯಲ್ಲಿ ಕ್ಯಾಮರಾ ಇಟ್ಟು ಹಿಡಿಯುತ್ತಿದ್ದರು. ಯಾಕೆ ಎಂದರೆ ‘ಇರ್ಲಿ ಬಿಡ್ರಿ, ದಾಖಲಾ’ ಎಂದರು. ಓದಿ ಮುಗಿಸಿ, ಬೆವರು ಒರೆಸಿಕೊಂಡು, ಬಸ್ಸು ಹೋಗುತ್ತದೆಂದು ಓಡಿದ ಅವಸರದಲ್ಲಿ ನನ್ನ ಚಷ್ಮಾ ಅಲ್ಲೇ ಮರೆತೆ. ಮರುದಿನ ಬೆಳಿಗ್ಗೆ ಅದನ್ನು ಲೆನ್ಸಿನ ವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ತಂದುಕೊಟ್ಟರು. ‘ಚಷ್ಮಾ ಬಿಟ್ಟ ಬಂದಿದ್ರಿ ಸರ.’

ದುರಗಪ್ಪನವರ ಓಣಿಗೆ ಮತ್ತೆ ಹೋದೆವು. ಮತ್ತೆ ಕೌದಿ, ಮತ್ತೆ ಧೋತರ. ಈ ಸಲ ನಾನು ನೆಲದ ಮೇಲೆ ಕುಳಿತೆ. ಚಿತ್ರ ಮುಗಿದ ಕೂಡಲೇ ಯಲ್ಲವ್ವನವರ ಮುಂದೆ ಹೋಗಿ, ‘ಅವತ್ತಿನ ದನಿನೂ ನಂದೇ ಅದವಾ, ಇವತ್ತಿಂದೂ ನಂದೇ. ತಪ್ಪಾತು’ ಎಂದೆ.

‘ಗೊತ್ತೈತ್ರಿ’ ಎಂದರು ಆಕೆ. ‘ಅವತ್ತ ಖುರ್ಚಿ ಮ್ಯಾಲ ಕುಂತ ಬ್ಯಾಡ ಬ್ಯಾಡ ಅಂತಿದ್ರೆಲ್ಲ, ಆಗ ದನಿ ಕೇಳಿದ್ದೆ. ಚಹಾ ತಗೋರಿ, ಆರತೈತಿ.’

ಅಂದಿನಿಂದ ನಾನು ಇವರಿಗೆ ‘ನೀವು’ ಎನ್ನಲು ಶುರುಮಾಡಿದೆ. ಒಂದು ವಾರ ತಡೆದುಕೊಂಡರು. ಆಮೇಲೆ ಸ್ಟುಡಿಯೋದಲ್ಲಿ ಕೂರಿಸಿ, ‘ಇದೇನ್ರೀ ಸರ, ಯಾರೋ ತಹಶೀಲ್ದಾರರ ಜೋಡಿ ಮಾತಾಡಿದಾಂಗ ಆಗಾಕತ್ತೈತಿ’ ಎಂದರು.

‘ಮತ್ತೇನನ್ನಲಿ?’

‘ನೀವು ನನಗ ನೀವು ಅನ್ನೂದ ಹಗುರ ಐತ್ರಿ. ನಾ ನಿಮಗ ನೀ ಅಂದ್ರ ನಿಮಗ ಹೆಂಗ ಆಗತೈತಿ? ಅದನ್ನ ನೋಡ್ರಿ.’

‘ಅನ್ನಿ ಮತ್ತ. ಈಗಿಂದೀಗ ಅನ್ನಿ.’

ಗಂಟಲು ಸರಿಮಾಡಿಕೊಂಡರು. ‘ಏ... ನೀ... ನೀವು ಚಹಾ ಕುಡೀತೀರೇನ್ರಿ?’ ಇಬ್ಬರೂ ಬಿದ್ದುಬಿದ್ದು ನಕ್ಕೆವು. ‘ಬಾಯಿ ತಿರಗವಲ್ದ್ರಿ ಸರ. ನಲವತ್ತ ವರ್ಷ ತಿದ್ದಿದ ಬಾಯಿ.’

ಮುಂದೆ ಹದಿನೈದು ವರ್ಷ ಇದು ನಮ್ಮಿಬ್ಬರ ಆಟವಾಯಿತು. ಫೋನು ಮಾಡಿದರೆ ನಾನು ಮೊದಲು ಕೇಳುವುದೇ ‘ಇವತ್ತು “ನೀ” ಬರತದೇನ್ರಿ?’ ಅವರು ಆ ಕಡೆಯಿಂದ ‘ಚಾರ್ಜ್ ಆಗಾಕತ್ತೈತ್ರಿ’ ಎನ್ನುತ್ತಿದ್ದರು. ಹೊರಗೆ ಆಟ. ಒಳಗೆ ನನಗೆ ಅದು ನಿಜವಾಗಿಯೂ ಬೇಕಾಗಿತ್ತು. ನಾನು ‘ನೀವು’ ಎಂದದ್ದರಿಂದ ನನ್ನ ತಪ್ಪು ತಿದ್ದಿದಂತಾಯಿತು, ಸರಿ. ಅವರು ‘ನೀ’ ಅಂದರೆ ಮಾತ್ರ ನಾವು ಗೆಳೆಯರು ಎಂದು ನನಗೆ ಅನ್ನಿಸಿಬಿಟ್ಟಿತ್ತು. ಅದನ್ನು ಕೇಳಿ ಪಡೆಯುವ ಹಾಗಿಲ್ಲವಲ್ಲ. ನನ್ನ ಮಗನ ಮುಂಜಿಗೆ ಬಂದು ದಿನವಿಡೀ ದುಡಿದರು, ನನ್ನ ತಾಯಿ ಹೋದಾಗ ಹೆಗಲು ಕೊಟ್ಟರು. ಆಗಲೂ ‘ಧೈರ್ಯ ತಗೋರಿ ಸರ’ ಎಂದೇ ಅಂದರು. ಆ ಹೊತ್ತಿನಲ್ಲೂ ನನ್ನ ಹಾಳು ಕಿವಿ ಆ ‘ರಿ’ಯನ್ನು ಲೆಕ್ಕ ಹಿಡಿಯಿತು ನೋಡಿ, ಎಂಥ ಮನುಷ್ಯ ನಾನು.

ಈ ವರ್ಷ ಶ್ರಾವಣದಲ್ಲಿ ಅವರು ಹೋದರು. ಎದೆನೋವು ಎಂದು ಬೆಳಗಾವಿಗೆ ಕರೆದೊಯ್ಯುತ್ತಿದ್ದಾಗ ದಾರಿಯಲ್ಲೇ. ನಾನು ಹೋಗುವಷ್ಟರಲ್ಲಿ ಮಣಿಕಟ್ಟಿನ ವಸ್ತ್ರ ಯಾರೋ ಬಿಚ್ಚಿಟ್ಟಿದ್ದರು. ಅದಿಲ್ಲದ ಕೈ ಯಾರದೋ ಕೈಯಂತೆ ಕಂಡಿತು. ಎಷ್ಟು ತಡೆದರೂ ಕೇಳದೆ ಗೊಳೋ ಎಂದು ಅತ್ತುಬಿಟ್ಟೆ. ಇನ್ನು ಅವರು ‘ನೀ’ ಅನ್ನುವುದಿಲ್ಲ ಎಂಬುದೂ ಆ ಅಳುವಿನಲ್ಲಿ ಇತ್ತು, ಸುಳ್ಳು ಯಾಕೆ ಹೇಳಲಿ.

ಹೋದ ಭಾನುವಾರ ಮಧ್ಯಾಹ್ನ ಅವರ ಮಗಳು ಮನೆಗೆ ಬಂದಳು. ಧಾರವಾಡದಲ್ಲಿ ನರ್ಸ್ ಆಗಿದ್ದಾಳೆ, ಸಣ್ಣವಳಿದ್ದಾಗಿನಿಂದ ನನಗೆ ಕಾಕಾ ಅನ್ನುತ್ತಾಳೆ. ಲ್ಯಾಪ್‌ಟಾಪ್ ತೆಗೆದು ಪಡಸಾಲೆಯ ಮೇಜಿನ ಮೇಲಿಟ್ಟಳು.

‘ಕಾಕಾ, ಅಪ್ಪಾಜಿ ಎಲ್ಲಾದಕ್ಕೂ ಹೆಸರು ಬರದ ಇಟ್ಟಾರ. ನೇಕಾರ ಅಣ್ಣಾರ ಬಾಲ, ಬದನಿಕಾಯಿ ಅಕ್ಕಾರ ಬಾಲ ಅಂತ. ಇದಕ್ಕ “ಸರ, ಬಾಲ” ಅಂತ ಬರದಾರ. ನಾ ಇನ್ನೂ ನೋಡಿಲ್ರಿ. ಪಿಚ್ಚರ್ ಯಾರದೋ ಅವರ ಮೊದಲ ನೋಡಬೇಕಂತಿದ್ರಲ್ಲ, ಅದಕ್ಕ ತಂದೆ.’

ಸ್ಟುಡಿಯೋ. ಕಿಟಕಿಗೆ ಕೌದಿ. ಹದಿನೈದು ವರ್ಷ ಹಿಂದಿನ ನಾನು, ತಲೆತುಂಬ ಕಪ್ಪು ಕೂದಲು, ಮೈಕಿನ ಮುಂದೆ ಕೊನೆಯ ಸಾಲು ಓದುತ್ತಿದ್ದೇನೆ. ‘...ಹಲಗಿಯನ್ನು ಗೂಟಕ್ಕೆ ತೂಗುಹಾಕಿ ದುರಗಪ್ಪನವರು ಮನೆಯೊಳಗೆ ಹೋಗುತ್ತಾರೆ.’ ಹಾಳೆ ಕೆಳಗಿಡುತ್ತೇನೆ, ಚಷ್ಮಾ ತೆಗೆದು ಬೆವರು ಒರೆಸಿಕೊಳ್ಳುತ್ತೇನೆ, ‘ಬಸ್ಸು!’ ಎನ್ನುತ್ತ ಎದ್ದು ಓಡುತ್ತೇನೆ. ಮೆಟ್ಟಿಲ ಮೇಲೆ ನನ್ನ ಚಪ್ಪಲಿಯ ಸದ್ದು. ಖಾಲಿ ಖುರ್ಚಿ, ಅದರ ಮುಂದೆ ಮೇಜಿನ ಮೇಲೆ ಚಷ್ಮಾ. ಅವರು ಒಳಗೆ ಬರುತ್ತಾರೆ, ಚಷ್ಮಾ ನೋಡುತ್ತಾರೆ, ಥಟ್ಟನೆ ಎತ್ತಿಕೊಂಡು ಬಾಗಿಲಿಗೆ ಹೋಗಿ ಕೆಳಗೆ ಬಗ್ಗಿ ಕೂಗುತ್ತಾರೆ.

‘ಏ ಮಾಸ್ತರಾ! ಚಷ್ಮಾ ಬಿಟ್ಟ ಹೊಂಟಿ ನೋಡೋ! ಏ ಮಾರಾಯಾ, ನಿನಗ ಹೇಳಾಕತ್ತೇನಿ, ಕೇಳಸ್ತೇನೋ?’

ಕೇಳಿಸಿರಲಿಲ್ಲ. ನಾನು ಆಗಲೇ ಬಸ್ ಸ್ಟ್ಯಾಂಡ್ ಸೇರಿದ್ದೆ. ಅವರು ತಿರುಗುತ್ತಾರೆ. ತಾನು ಅಂದದ್ದು ತನಗೇ ಆಗ ಗೊತ್ತಾಗುತ್ತದೆ. ನಾಲಿಗೆ ಕಚ್ಚಿಕೊಳ್ಳುತ್ತಾರೆ. ಮೂಲೆಯಲ್ಲಿ ಓಡುತ್ತಿರುವ ಕ್ಯಾಮರಾ ನೆನಪಾಗಿ ಅದರ ಕಡೆ ನೋಡಿ, ಎಡಗಣ್ಣು ಕಿರಿದು ಮಾಡಿ, ಕಳ್ಳತನ ಸಿಕ್ಕಿಬಿದ್ದವರಂತೆ ನಗುತ್ತಾರೆ. ಆಮೇಲೆ ಕುಳಿತು ನನ್ನ ಚಷ್ಮಾವನ್ನು ಮಣಿಕಟ್ಟಿನ ವಸ್ತ್ರದಿಂದ ಎರಡೂ ಕಡೆ ನಿಧಾನಕ್ಕೆ ಒರೆಸುತ್ತಾರೆ.

ಅಂದರೆ ಆಟ ಶುರುವಾಗುವ ಮೊದಲೇ ಅವರು ಅಂದಾಗಿತ್ತು. ಅಂದು, ಅದಕ್ಕೊಂದು ಹೆಸರು ಬರೆದು, ಹದಿನೈದು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು. ನನಗೆ ಒಮ್ಮೆಯೂ ಹೇಳಲಿಲ್ಲ, ಕಿಲಾಡಿ, ಬೆರಕಿ ಮನುಷ್ಯ.

‘ಕಾಕಾ, ಇನ್ನೊಮ್ಮೆ ಹಾಕ್ಲೇನ್ರಿ?’ ಎಂದಳು ಅವಳು, ಮೂಗೊರೆಸಿಕೊಳ್ಳುತ್ತ. ಹಾಕು ಎಂದೆ. ಮತ್ತೆ ನನ್ನ ಚಪ್ಪಲಿಯ ಸದ್ದು, ಮತ್ತೆ ಖಾಲಿ ಖುರ್ಚಿ. ಮತ್ತೆ ಅವರು ಬಾಗಿಲಿಗೆ ಬಗ್ಗಿ, ಕೇಳಸ್ತೇನೋ ಎಂದರು.

‘ಕೇಳಸ್ತೋ ಮಾರಾಯಾ, ಕೇಳಸ್ತು!’ ಎಂದೆ ನಾನು, ಜೋರಾಗಿಯೇ.

ಒಳಗಿನಿಂದ ನನ್ನ ಹೆಂಡತಿ ಕೇಳಿದಳು, ‘ಯಾರ ಬಂದಾರ್ರೀ?’